ಪೈ ಜೀರೋಗೆ ಲುವಾ: ಇಂಟರ್‌ಪ್ರಿಟರ್ ಒಂದನ್ನು ಕ್ರಾಸ್ ಕಂಪೈಲ್ ಮಾಡುವ ಸಮಗ್ರ ಮಾರ್ಗದರ್ಶಿ

ಲ್ಯಾಪ್‌ಟಾಪಿನಲ್ಲಿ ಆರ್ಮ್ ಜಿಸಿಸಿ ಹಾಕಿಕೊಳ್ಳಿ, ಮೇಕ್ ಓಡಿಸಿ, ಬೈನರಿಯನ್ನು ಬೋರ್ಡಿಗೆ ನಕಲಿಸಿ. ಕ್ರಾಸ್ ಕಂಪೈಲ್, ಅಂದರೆ ಒಂದು ಯಂತ್ರದಲ್ಲಿ ಕುಳಿತು ಬೇರೆ ಬಗೆಯ ಯಂತ್ರಕ್ಕಾಗಿ ಪ್ರೋಗ್ರಾಂ ಕಟ್ಟುವುದರ ಬಗ್ಗೆ ಕೇಳಿದವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಇಷ್ಟೇ. ರಾಸ್ಪ್‌ಬೆರಿ ಪೈ ಜೀರೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಮೇಲೆ ಇದನ್ನು ಹಾಗೆಯೇ ಪಾಲಿಸಿದರೆ ಕಂಪೈಲ್ ಸರಾಗವಾಗಿ ಮುಗಿಯುತ್ತದೆ, ಒಂದು ಎಚ್ಚರಿಕೆಯೂ ಕಾಣಿಸುವುದಿಲ್ಲ. ಬೋರ್ಡಿನ ಮೇಲೆ ಓಡಿಸಿದ ಕ್ಷಣವೇ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂಬ ಎರಡು ಪದ ಬರೆದು ಪ್ರೋಗ್ರಾಂ ಸಾಯುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಕೆಲಸದಲ್ಲಿ ಕಂಪೈಲ್ ಮಾಡುವುದು ಸಣ್ಣ ಪಾಲು. ಬೋರ್ಡ್ ಏನೆಂದು ನಿಖರವಾಗಿ ತಿಳಿದುಕೊಳ್ಳುವುದು ಮತ್ತು ತಯಾರಾದ ಬೈನರಿ ಅದಕ್ಕೆ ಹೊಂದುತ್ತದೆಯೇ ಎಂದು ನಕಲಿಸುವ ಮುಂಚೆಯೇ ಪರೀಕ್ಷಿಸುವುದು ದೊಡ್ಡ ಪಾಲು. ಈ ಬರಹದ ತೂಕವೂ ಅದೇ ಅನುಪಾತದಲ್ಲಿದೆ.

ಉದಾಹರಣೆಗೆ ಆರಿಸಿಕೊಂಡಿರುವುದು ಲುವಾ 5.4. ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿರುವ ಪುಕ್-ರಿಯೊ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಹುಟ್ಟಿದ ಭಾಷೆ ಇದು. ರೂಪಿಸಿದವರು ರಾಬರ್ಟೊ ಯೆರುಸಲಿಮ್ಸ್ಕಿ, ಲೂಯಿಸ್ ಎನ್ರಿಕೆ ಡಿ ಫಿಗೆರೆಡೊ ಮತ್ತು ವಾಲ್ಡೆಮಾರ್ ಸೆಲೆಸ್. ಇಡೀ ಇಂಟರ್‌ಪ್ರಿಟರ್ ಶುದ್ಧ ಸಿ ಭಾಷೆಯಲ್ಲಿದೆ, ಹೊರಗಿನ ಯಾವ ಲೈಬ್ರರಿಯನ್ನೂ ಬೇಡುವುದಿಲ್ಲ, ಕಾನ್ಫಿಗರ್ ಸ್ಕ್ರಿಪ್ಟ್ ಕೂಡ ಇಲ್ಲ. ಹೀಗಾಗಿ ಏನಾದರೂ ಕೆಟ್ಟರೆ ಅದು ಟೂಲ್‌ಚೈನಿನ (ಕಂಪೈಲರ್, ತುಣುಕುಗಳನ್ನು ಜೋಡಿಸುವ ಲಿಂಕರ್ ಮತ್ತು ಅವುಗಳ ಜೊತೆಯ ಲೈಬ್ರರಿಗಳ ಗುಂಪಿನ) ತಪ್ಪೋ ಬೋರ್ಡಿನ ಲೆಕ್ಕದ ತಪ್ಪೋ ಆಗಿರುತ್ತದೆಯೇ ಹೊರತು ಲುವಾದ್ದಲ್ಲ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಠ್ಯ ಸಿಗುವುದು ಕಷ್ಟ.

ಲುವಾದಷ್ಟು ಪುಟ್ಟ ಕೋಡನ್ನು ಪೈ ಜೀರೋ ಮೇಲೆಯೇ ಕಂಪೈಲ್ ಮಾಡಬಹುದಲ್ಲವೇ ಎಂದು ಕೇಳಬಹುದು. ಖಂಡಿತ ಮಾಡಬಹುದು. ನಿಮಗೆ ಬೇಕಿರುವುದು ಅದೊಂದೇ ಆದರೆ ಇಲ್ಲಿಗೇ ಓದು ನಿಲ್ಲಿಸಿ ಹಾಗೆಯೇ ಮಾಡಿ. ಆದರೆ ನಾಳೆ ಕೈಗೆ ಬರುವುದು ಕಂಪೈಲರನ್ನು ಇಡಲು ಜಾಗವೇ ಇಲ್ಲದ, 16 ಮೆಗಾಬೈಟ್ ಫ್ಲ್ಯಾಶ್ ಇರುವ ರೂಟರ್ ಆಗಿದ್ದರೆ ಬೇರೆ ದಾರಿಯಿಲ್ಲ. ಆ ದಾರಿಯನ್ನು ಸುಲಭದ ಬೋರ್ಡಿನ ಮೇಲೆ ಕಲಿತುಕೊಳ್ಳುವುದು ಜಾಣತನ.

ಒಂದು ಸೂಚನೆ. ಆಜ್ಞೆಗಳನ್ನೂ ಫೈಲ್ ಹೆಸರುಗಳನ್ನೂ ಉಚ್ಚಾರದಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಎಂದಿನಂತೆ ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕು. ಮೇಕ್‌ಗೆ ಕೊಡುವ ಚರಗಳ ಹೆಸರುಗಳೆಲ್ಲ ದೊಡ್ಡಕ್ಷರ, ಆಜ್ಞೆಗಳು ಮತ್ತು ಆಯ್ಕೆಗಳು ಬಹುಮಟ್ಟಿಗೆ ಚಿಕ್ಕಕ್ಷರ. ಲ್ಯಾಪ್‌ಟಾಪಿನಲ್ಲಿ ಡೆಬಿಯನ್ ಅಥವಾ ಉಬುಂಟು ಇದೆ ಎಂದು ಇಟ್ಟುಕೊಂಡಿದ್ದೇನೆ.

ಹಂತ 1: ಬೋರ್ಡನ್ನು ಗುರುತಿಸಿ

ಪೈ ಜೀರೋ ಮತ್ತು ಜೀರೋ ಡಬ್ಲ್ಯೂ ಎರಡರಲ್ಲಿಯೂ ಇರುವುದು ಬ್ರಾಡ್‌ಕಾಮ್ ಬಿಸಿಎಂ2835 ಚಿಪ್. ಅದರೊಳಗೆ 1 ಗಿಗಾಹರ್ಟ್ಸ್ ವೇಗದ ಒಂದೇ ಒಂದು ಆರ್ಮ್1176 ಕೋರ್, ಪಕ್ಕದಲ್ಲಿ 512 ಮೆಗಾಬೈಟ್ ರ‍್ಯಾಮ್. 2012ರ ಮೊದಲ ರಾಸ್ಪ್‌ಬೆರಿ ಪೈನಲ್ಲಿದ್ದದ್ದೂ ಇದೇ ಕೋರ್. ಇದು ಆರ್ಮ್‌ವಿ6 ಪೀಳಿಗೆಗೆ ಸೇರಿದ್ದು. 2021ರಲ್ಲಿ ಬಂದ ಜೀರೋ 2 ಡಬ್ಲ್ಯೂ ಹೆಸರಿನಲ್ಲಿ ಮಾತ್ರ ತಮ್ಮ. ಅದರಲ್ಲಿರುವುದು ನಾಲ್ಕು ಕಾರ್ಟೆಕ್ಸ್-ಎ53 ಕೋರ್‌ಗಳು, ಕೆಳಗೆ ಹೇಳುವ ತಲೆನೋವಿನ ಅರ್ಧ ಅದಕ್ಕಿಲ್ಲ.

ಬೋರ್ಡಿಗೆ ಲಾಗಿನ್ ಆಗಿ ನಾಲ್ಕು ವಿಷಯ ತಿಳಿದುಕೊಳ್ಳಿ: ಸೂಚನಾ ಗಣ ಯಾವುದು, ದಶಮಾಂಶ ಸಂಖ್ಯೆಗಳ ಲೆಕ್ಕಕ್ಕೆ ಯಂತ್ರಾಂಶ ಇದೆಯೇ, ಸಿ ಲೈಬ್ರರಿ ಯಾವುದು, ಅದರ ಆವೃತ್ತಿ ಎಷ್ಟು.

‘ಯುನೇಮ್ -ಎಂ’ ಎಂದರೆ ಪೈ ಜೀರೋ ‘ಆರ್ಮ್‌ವಿ6ಎಲ್’ ಎನ್ನುತ್ತದೆ. ಕೊನೆಯ ಎಲ್ ಅಕ್ಷರ ಲಿಟಲ್ ಎಂಡಿಯನ್ (ಸಂಖ್ಯೆಯ ಕಿರಿಯ ಬೈಟ್ ಮೊದಲು) ಎಂಬುದರ ಗುರುತು. ಈ ಆಜ್ಞೆ ಹೇಳುವುದು ಕರ್ನಲ್‌ನ ಸಂಗತಿಯನ್ನು ಮಾತ್ರ ಎಂಬುದನ್ನು ಮರೆಯಬೇಡಿ. ಪೈ 4ರಂಥ ಬೋರ್ಡಿನಲ್ಲಿ ಕರ್ನಲ್ 64 ಬಿಟ್ ಆಗಿದ್ದು, ಅದರ ಮೇಲಿನ ಎಲ್ಲ ಪ್ರೋಗ್ರಾಂಗಳೂ 32 ಬಿಟ್ ಆಗಿರುವ ಸಾಧ್ಯತೆಯಿದೆ. ಆದ್ದರಿಂದ ‘ಗೆಟ್‌ಕಾನ್ಫ್ ಲಾಂಗ್_ಬಿಟ್’ ಅನ್ನೂ ಕೇಳಿ. ಇಲ್ಲಿ ಕೆಳಗೆರೆಯೊಂದಿಗೆ ಎರಡೂ ಪದ ದೊಡ್ಡಕ್ಷರ. 32 ಎಂದು ಬಂದರೆ ಸಂಶಯ ಮುಗಿಯಿತು.

ನಂತರ ‘/ಪ್ರೋಕ್/ಸಿಪಿಯುಇನ್ಫೋ’ ಫೈಲನ್ನು ತೆರೆದು ಫೀಚರ್ಸ್ ಸಾಲನ್ನು ನೋಡಿ. ವಿಎಫ್‌ಪಿ (ದಶಮಾಂಶ ಲೆಕ್ಕದ ಘಟಕ) ಇದೆ, ಥಂಬ್ (ಚಿಕ್ಕ ಗಾತ್ರದ ಸೂಚನೆಗಳ ಗಣ) ಇದೆ, ನಿಯಾನ್ ಇಲ್ಲ, ವಿಎಫ್‌ಪಿವಿ3 ಇಲ್ಲ. ದಶಮಾಂಶ ಲೆಕ್ಕಕ್ಕೆ ಯಂತ್ರಾಂಶವಿದೆ, ಆದರೆ ಹಳೆಯ ತಲೆಮಾರಿನದು ಎಂದರ್ಥ. ಕೊನೆಯಲ್ಲಿ ‘ಎಲ್‌ಡಿಡಿ --ವರ್ಷನ್’. ಡೆಬಿಯನ್ 11 ಆಧರಿಸಿದ ರಾಸ್ಪ್‌ಬೆರಿ ಪೈ ಓಎಸ್ ಆದರೆ ಜಿಲಿಬ್‌ಸಿ (ಗ್ನು ಸಿ ಲೈಬ್ರರಿ) 2.31, ಡೆಬಿಯನ್ 12 ಆಧರಿಸಿದ್ದಾದರೆ 2.36. ಈ ಸಂಖ್ಯೆಯನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ.

ಹಂತ 2: ಸುಲಭಕ್ಕೆ ಸಿಗುವ ಟೂಲ್‌ಚೈನ್ ಏಕೆ ಕೈಕೊಡುತ್ತದೆ

ಬಹಳ ಜನ ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ಹೊತ್ತು ನಿಲ್ಲೋಣ.

ಡೆಬಿಯನ್ ಮತ್ತು ಉಬುಂಟುಗಳಲ್ಲಿ ‘ಜಿಸಿಸಿ-ಆರ್ಮ್-ಲಿನಕ್ಸ್-ಗ್ನುಇಎಬಿಐಎಚ್ಎಫ್’ ಎಂಬ ಪ್ಯಾಕೇಜ್ ಇದೆ. ಪೈ ಜೀರೋ ಮೇಲಿನ ಜಿಸಿಸಿಯನ್ನು ‘-ಡಂಪ್‌ಮಷೀನ್’ ಆಯ್ಕೆ ಕೊಟ್ಟು ಕೇಳಿದರೆ ತನ್ನ ಗುರಿಯನ್ನು ಅದೇ ಹೆಸರಿನಿಂದಲೇ ಹೇಳುತ್ತದೆ: ಆರ್ಮ್-ಲಿನಕ್ಸ್-ಗ್ನುಇಎಬಿಐಎಚ್ಎಫ್. ಹೆಸರು ಒಂದೇ, ಅರ್ಥ ಎರಡು. ಡೆಬಿಯನ್‌ನ ಆರ್ಮ್‌ಎಚ್ಎಫ್ ಎಂದರೆ ಕನಿಷ್ಠ ಆರ್ಮ್‌ವಿ7, ಥಂಬ್-2 ಸೂಚನೆಗಳು, ವಿಎಫ್‌ಪಿವಿ3. ಡೆಬಿಯನ್‌ನಿಂದ ರೂಪಿಸಿದ ರಾಸ್ಪ್‌ಬಿಯನ್ ಹುಟ್ಟಿಕೊಂಡದ್ದೇ ಈ ಗೆರೆಯಿಂದ ಕೆಳಗೆ ಉಳಿದ ಮೊದಲ ಪೈಗಾಗಿ. ಡೆಬಿಯನ್‌ನ ಪ್ಯಾಕೇಜುಗಳನ್ನೆಲ್ಲ ಆರ್ಮ್‌ವಿ6 ಮತ್ತು ಹಳೆಯ ವಿಎಫ್‌ಪಿಗಾಗಿ ಮರಳಿ ಕಂಪೈಲ್ ಮಾಡಿದರು, ಹೆಸರನ್ನು ಮಾತ್ರ ಹಾಗೆಯೇ ಬಿಟ್ಟರು. ಆ ನಿರ್ಧಾರದ ಸುಂಕವನ್ನು ನಾವು ಇಂದಿಗೂ ಕಟ್ಟುತ್ತಿದ್ದೇವೆ.

ಹಾಗಾದರೆ ‘-ಮಾರ್ಚ್=ಆರ್ಮ್‌ವಿ6’ ಎಂದು ಆಯ್ಕೆ ಕೊಟ್ಟರೆ ಸಾಲದೇ? ಸಾಲದು. ಮೊದಲಿಗೆ ಡೆಬಿಯನ್‌ನ ಆ ಕಂಪೈಲರ್ ತಾನಾಗಿ ಥಂಬ್ ಸೂಚನೆಗಳನ್ನೇ ಹೊರಡಿಸುತ್ತದೆ. ಆರ್ಮ್‌ವಿ6ರಲ್ಲಿರುವುದು ಹಳೆಯ ಥಂಬ್-1. ಅದರಲ್ಲಿ ಹಾರ್ಡ್ ಫ್ಲೋಟ್ ಒಪ್ಪಂದವನ್ನು (ಫಂಕ್ಷನ್‌ಗಳ ನಡುವೆ ದಶಮಾಂಶ ಸಂಖ್ಯೆಗಳನ್ನು ವಿಎಫ್‌ಪಿಯ ರಿಜಿಸ್ಟರ್‌ಗಳಲ್ಲೇ ದಾಟಿಸುವ ಕ್ರಮವನ್ನು) ಅಳವಡಿಸಿಲ್ಲ ಎಂದು ಜಿಸಿಸಿ ‘ಸಾರಿ, ಅನ್‌ಇಂಪ್ಲಿಮೆಂಟೆಡ್’ ಎಂಬ ವಿನಯಪೂರ್ವಕ ದೋಷದೊಂದಿಗೆ ನಿಲ್ಲುತ್ತದೆ. ‘-ಎಂಆರ್ಮ್’ ಎಂಬ ಆಯ್ಕೆ ಸೇರಿಸಿದರೆ ಆ ದೋಷ ಹೋಗುತ್ತದೆ, ಕಂಪೈಲ್ ಆಗುತ್ತದೆ, ಲಿಂಕ್ ಕೂಡ ಆಗುತ್ತದೆ. ಅಪಾಯ ಇರುವುದು ಇಲ್ಲಿ. ನಿಮ್ಮ ಸಿ ಫೈಲ್‌ಗಳೇನೋ ಆರ್ಮ್‌ವಿ6 ಆದವು. ಆದರೆ ಪ್ರತಿ ಪ್ರೋಗ್ರಾಮಿಗೂ ಲಿಂಕರ್ ಸದ್ದಿಲ್ಲದೆ ಸೇರಿಸುವ ತುಣುಕುಗಳಿವೆ: ಮೇನ್ ಶುರುವಾಗುವ ಮುನ್ನ ಓಡುವ ‘ಸಿಆರ್‌ಟಿ1’ ಆಬ್ಜೆಕ್ಟ್ ಫೈಲ್, ಭಾಗಾಕಾರದಂಥ ಕೆಲಸ ಮಾಡುವ ಲಿಬ್‌ಜಿಸಿಸಿ. ಅವು ಟೂಲ್‌ಚೈನಿನ ಜೊತೆ ಮೊದಲೇ ಕಂಪೈಲ್ ಆಗಿ ಬಂದವು, ಆರ್ಮ್‌ವಿ7ಕ್ಕಾಗಿ. ನೀವು ಕೊಟ್ಟ ಆಯ್ಕೆ ಅವನ್ನು ಮುಟ್ಟುವುದೂ ಇಲ್ಲ. ಪ್ರೋಗ್ರಾಮಿನ ಮೊಟ್ಟಮೊದಲ ಸೂಚನೆಗಳೇ ಥಂಬ್-2 ಆದ್ದರಿಂದ ಮೇನ್ ತಲುಪುವ ಮೊದಲೇ ಎಲ್ಲ ಮುಗಿದಿರುತ್ತದೆ.

ಎರಡನೆಯ ತೊಡಕು ಜಿಲಿಬ್‌ಸಿ ಆವೃತ್ತಿ. ಉಬುಂಟು 24.04ರಲ್ಲಿ ಇರುವುದು 2.39. ಹೊಸ ಜಿಲಿಬ್‌ಸಿಯ ಎದುರು ಲಿಂಕ್ ಮಾಡಿದ ಬೈನರಿ ಹಳೆಯದರ ಮೇಲೆ ಓಡುವ ಭರವಸೆಯಿಲ್ಲ, ಹಳೆಯದರ ಎದುರು ಲಿಂಕ್ ಮಾಡಿದ್ದು ಹೊಸದರ ಮೇಲೆ ಓಡುತ್ತದೆ. 2021ರಲ್ಲಿ ಬಂದ 2.34ರಲ್ಲಿ ಪ್ರೋಗ್ರಾಂ ಆರಂಭಿಸುವ ಫಂಕ್ಷನ್‌ಗೇ ಹೊಸ ಆವೃತ್ತಿ ಸಂಖ್ಯೆ ಬಂದಿತು. ಹೀಗಾಗಿ ಅದಾದ ಮೇಲಿನ ಯಾವುದೇ ಜಿಲಿಬ್‌ಸಿಯ ಎದುರು ಲಿಂಕ್ ಆದ, ಏನೂ ಮಾಡದ ಖಾಲಿ ಪ್ರೋಗ್ರಾಂ ಕೂಡ ಡೆಬಿಯನ್ 11ರ ಬೋರ್ಡಿನಲ್ಲಿ ‘ಜಿಲಿಬ್‌ಸಿ_2.34 ಸಿಗಲಿಲ್ಲ’ ಎಂದು ಗೋಳಿಡುತ್ತದೆ.

ಹಂತ 3: ಸ್ವಂತ ಟೂಲ್‌ಚೈನ್ ಕಟ್ಟುವುದು

ಎರಡೂ ತೊಡಕನ್ನು ಒಂದೇ ಏಟಿಗೆ ದಾಟುವ ದಾರಿಯೆಂದರೆ ಮಸಲ್ ಎಂಬ ಪುಟ್ಟ ಸಿ ಲೈಬ್ರರಿಯನ್ನು ಬಳಸಿ ಸ್ಥಿರವಾಗಿ ಲಿಂಕ್ ಮಾಡುವುದು. ಸಿ ಲೈಬ್ರರಿ ಬೈನರಿಯ ಒಳಗೇ ಹೋಗುವುದರಿಂದ ಬೋರ್ಡಿನಲ್ಲಿ ಯಾವ ಜಿಲಿಬ್‌ಸಿ ಇದೆ, ಇದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಉಪಲಾಭವೂ ಒಂದಿದೆ: 1.2.0 ಆವೃತ್ತಿಯಿಂದ ಮಸಲ್ 32 ಬಿಟ್ ಯಂತ್ರಗಳಲ್ಲಿಯೂ ಕಾಲಮಾನಕ್ಕೆ 64 ಬಿಟ್ ಬಳಸುತ್ತದೆ. 2038ರ ಜನವರಿಯ ಗಡಿ ಲುವಾದ ಗಡಿಯಾರವನ್ನು ಕಾಡುವುದಿಲ್ಲ.

ಮಸಲ್ ಲೇಖಕ ರಿಚ್ ಫೆಲ್ಕರ್ ಅವರದೇ ‘ಮಸಲ್-ಕ್ರಾಸ್-ಮೇಕ್’ ಎಂಬ ಯೋಜನೆ ಇದಕ್ಕೆ ಸಾಕು. ಗಿಟ್‌ನಿಂದ ಕೋಡ್ ತಂದು, ಅದರ ಮೂಲ ಫೋಲ್ಡರಿನಲ್ಲಿ ‘ಕಾನ್ಫಿಗ್.ಮ್ಯಾಕ್’ ಎಂಬ ಫೈಲ್ ತೆರೆದು ಎರಡು ಸಾಲು ಬರೆಯಿರಿ:

ಟಾರ್ಗೆಟ್ = ಆರ್ಮ್-ಲಿನಕ್ಸ್-ಮಸಲ್‌ಇಎಬಿಐಎಚ್ಎಫ್
ಜಿಸಿಸಿ_ಕಾನ್ಫಿಗ್ += --ವಿತ್-ಆರ್ಚ್=ಆರ್ಮ್‌ವಿ6 --ವಿತ್-ಎಫ್‌ಪಿಯು=ವಿಎಫ್‌ಪಿ --ವಿತ್-ಫ್ಲೋಟ್=ಹಾರ್ಡ್

ಎರಡನೆಯ ಸಾಲಿನಲ್ಲಿರುವ ಮೂರು ಆಯ್ಕೆಗಳು ರಾಸ್ಪ್‌ಬಿಯನ್ ತನ್ನ ಜಿಸಿಸಿಯನ್ನು ಕಟ್ಟಲು ಬಳಸುವ ಆಯ್ಕೆಗಳೇ. ಇವನ್ನು ಕಂಪೈಲರ್ ಕಟ್ಟುವ ಹೊತ್ತಿನಲ್ಲೇ ಕೊಡುತ್ತಿದ್ದೇವೆ ಎಂಬುದು ಮುಖ್ಯ. ಆಗ ಲಿಬ್‌ಜಿಸಿಸಿ, ಮಸಲ್, ಆರಂಭದ ತುಣುಕುಗಳು ಎಲ್ಲವೂ ಆರ್ಮ್‌ವಿ6 ಆಗಿಯೇ ಹುಟ್ಟುತ್ತವೆ. ಆಮೇಲೆ ನೀವು ಯಾವ ಆಯ್ಕೆಯನ್ನೂ ನೆನಪಿಟ್ಟುಕೊಳ್ಳಬೇಕಿಲ್ಲ.

‘ಮೇಕ್ -ಜೆ4’ ಕೊಟ್ಟು ಊಟಕ್ಕೆ ಹೋಗಿ. ಜಿಸಿಸಿ, ಬಿನ್‌ಯುಟಿಲ್ಸ್, ಕರ್ನಲ್ ಹೆಡರ್‌ಗಳು ಎಲ್ಲವನ್ನೂ ಅದೇ ಇಳಿಸಿಕೊಂಡು ಕಟ್ಟುತ್ತದೆ. ಇಂಟರ್‌ನೆಟ್ ಬೇಕು, ಕೆಲವು ಗಿಗಾಬೈಟ್ ಖಾಲಿ ಜಾಗ ಬೇಕು. ಮುಗಿದ ಮೇಲೆ ‘ಮೇಕ್ ಇನ್‌ಸ್ಟಾಲ್’. ‘ಔಟ್‌ಪುಟ್’ ಫೋಲ್ಡರಿನ ಒಳಗಿನ ‘ಬಿನ್’ ಅನ್ನು ನಿಮ್ಮ ಪಾತ್ ಚರಕ್ಕೆ ಸೇರಿಸಿ. ಅಲ್ಲಿ ಜಿಸಿಸಿ, ಎಆರ್, ರಾನ್‌ಲಿಬ್, ಸ್ಟ್ರಿಪ್, ರೀಡೆಲ್ಫ್ ಎಲ್ಲವೂ ‘ಆರ್ಮ್-ಲಿನಕ್ಸ್-ಮಸಲ್‌ಇಎಬಿಐಎಚ್ಎಫ್-’ ಎಂಬ ಉದ್ದನೆಯ ಪೂರ್ವಪದದೊಂದಿಗೆ ಇರುತ್ತವೆ. ಮುಂದೆ ಇದನ್ನು ‘ಪೂರ್ವಪದ-’ ಎಂದಷ್ಟೇ ಬರೆಯುತ್ತೇನೆ.

ಲುವಾ ಮುಟ್ಟುವ ಮುನ್ನ ಒಂದು ಸಣ್ಣ ಪ್ರೋಗ್ರಾಮಿನಿಂದ ಟೂಲ್‌ಚೈನನ್ನು ಪರೀಕ್ಷಿಸಿ. ಒಂದು ಸಾಲು ಮುದ್ರಿಸಿ, ಎರಡು ದಶಮಾಂಶ ಸಂಖ್ಯೆಗಳನ್ನು ಭಾಗಿಸಿ ತೋರಿಸುವ ಸಿ ಪ್ರೋಗ್ರಾಂ ಸಾಕು. ‘-ಸ್ಟ್ಯಾಟಿಕ್’ ಕೊಟ್ಟು ಕಂಪೈಲ್ ಮಾಡಿ, ಬೋರ್ಡಿಗೆ ಕಳಿಸಿ ಓಡಿಸಿ. ಇದು ಓಡದಿದ್ದರೆ ಲುವಾ ಖಂಡಿತ ಓಡುವುದಿಲ್ಲ, ಮುಂದೆ ಹೋಗಿ ಪ್ರಯೋಜನವಿಲ್ಲ.

ಹಂತ 4: ಲುವಾ ಕಂಪೈಲ್

ಲುವಾ ಜಾಲತಾಣದಿಂದ 5.4 ಸರಣಿಯ ಇತ್ತೀಚಿನ ಟಾರ್ ಫೈಲ್ ಇಳಿಸಿ, ಅಲ್ಲಿಯೇ ಕೊಟ್ಟಿರುವ ಶಾ256 ಮೊತ್ತದೊಂದಿಗೆ ತಾಳೆ ನೋಡಿ ಬಿಚ್ಚಿ. ಮೇಕ್‌ಫೈಲ್ ಚಿಕ್ಕದು, ಓದುವಂತಿದೆ. ‘ಎಸ್‌ಆರ್‌ಸಿ’ ಫೋಲ್ಡರಿನಲ್ಲಿರುವ ಮೇಕ್‌ಫೈಲ್‌ನ ಮೊದಲ ಮೂವತ್ತು ಸಾಲು ಓದಿಕೊಂಡರೆ ಕೆಳಗಿನ ಮಾತುಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಕೊಡಬೇಕಾದ ಆಜ್ಞೆ ಇದು, ಎಲ್ಲವೂ ಒಂದೇ ಸಾಲಿನಲ್ಲಿ:

ಮೇಕ್ ಪಾಸಿಕ್ಸ್ ಸಿಸಿ="ಪೂರ್ವಪದ-ಜಿಸಿಸಿ -ಎಸ್‌ಟಿಡಿ=ಗ್ನು99" ಎಆರ್="ಪೂರ್ವಪದ-ಎಆರ್ ಆರ್‌ಸಿಯು" ರಾನ್‌ಲಿಬ್="ಪೂರ್ವಪದ-ರಾನ್‌ಲಿಬ್" ಮೈಎಲ್‌ಡಿಫ್ಲ್ಯಾಗ್ಸ್="-ಸ್ಟ್ಯಾಟಿಕ್"

ಸಮ ಚಿಹ್ನೆಯ ಎಡಕ್ಕಿರುವ ಹೆಸರುಗಳೆಲ್ಲ ದೊಡ್ಡಕ್ಷರ. ಒಂದೊಂದರ ಹಿಂದೆಯೂ ಒಂದು ಬಲೆಯಿದೆ.

ಎಆರ್ ಚರದೊಳಗಿನ ‘ಆರ್‌ಸಿಯು’ ಬಿಟ್ಟುಬಿಡುವುದು ಸಾಮಾನ್ಯ. ಬೇರೆ ಎಷ್ಟೋ ಯೋಜನೆಗಳಲ್ಲಿ ಎಆರ್ ಎಂದರೆ ಬರಿಯ ಪ್ರೋಗ್ರಾಮಿನ ಹೆಸರು. ಲುವಾದ ಮೇಕ್‌ಫೈಲ್ ಮಾತ್ರ ಆಯ್ಕೆಗಳೂ ಅದರೊಳಗೇ ಇವೆ ಎಂದು ಭಾವಿಸುತ್ತದೆ. ಬಿಟ್ಟರೆ ಲೈಬ್ರರಿಯ ಹೆಸರನ್ನೇ ಆಯ್ಕೆಗಳೆಂದು ಓದಿಕೊಂಡು ಎಆರ್ ಅರ್ಥವಾಗದ ದೋಷವೊಂದನ್ನು ಉಗುಳುತ್ತದೆ.

ಇನ್ನೂ ಕೆಟ್ಟದ್ದು ಸಿಫ್ಲ್ಯಾಗ್ಸ್. ಗಾತ್ರ ಕಡಿಮೆ ಮಾಡಲು ‘-ಓಎಸ್’ (ಇಲ್ಲಿ ಓ ದೊಡ್ಡಕ್ಷರ) ಕೊಡೋಣವೆಂದು ಆಜ್ಞಾ ಸಾಲಿನಲ್ಲಿ ಸಿಫ್ಲ್ಯಾಗ್ಸ್ ಬರೆದರೆ ಮೇಕ್‌ಫೈಲ್ ಒಳಗಿನ ಇಡೀ ಸಾಲು ಅಳಿಸಿಹೋಗುತ್ತದೆ. ಪಾಸಿಕ್ಸ್ ಗುರಿ ಸೇರಿಸಬೇಕಿದ್ದ ‘ಲುವಾ_ಯೂಸ್_ಪಾಸಿಕ್ಸ್’ ಎಂಬ ವ್ಯಾಖ್ಯೆಯೂ ಅದರೊಂದಿಗೆ ಹೋಗುತ್ತದೆ. ದೋಷ ಬರುವುದಿಲ್ಲ, ಎಚ್ಚರಿಕೆ ಬರುವುದಿಲ್ಲ, ಇಂಟರ್‌ಪ್ರಿಟರ್ ಚೆನ್ನಾಗಿಯೇ ಓಡುತ್ತದೆ. ಎಷ್ಟೋ ದಿನದ ಮೇಲೆ ಯಾರೋ ‘ಐಓ.ಪಿಓಪನ್’ ಕರೆದಾಗ ‘ಪಿಓಪನ್ ನಾಟ್ ಸಪೋರ್ಟೆಡ್’ ಎಂದು ಬರುತ್ತದೆ. ಆಗ ಯಾರಿಗೂ ಕಂಪೈಲ್ ಆಜ್ಞೆಯ ಮೇಲೆ ಅನುಮಾನ ಹುಟ್ಟುವುದಿಲ್ಲ. ನಿಮ್ಮ ಸ್ವಂತ ಆಯ್ಕೆಗಳಿಗೆಂದೇ ‘ಮೈಸಿಫ್ಲ್ಯಾಗ್ಸ್’ ಎಂಬ ಖಾಲಿ ಚರವಿದೆ, ಅದನ್ನೇ ಬಳಸಿ.

‘ಲಿನಕ್ಸ್’ ಗುರಿಯ ಬದಲು ‘ಪಾಸಿಕ್ಸ್’ ಏಕೆ? ಲಿನಕ್ಸ್ ಗುರಿ ಓಡುವ ಹೊತ್ತಿನಲ್ಲಿ ಸಿ ಮಾಡ್ಯೂಲ್‌ಗಳನ್ನು ಒಳಗೆ ಎಳೆದುಕೊಳ್ಳುವ ಸೌಲಭ್ಯವನ್ನು ಸೇರಿಸುತ್ತದೆ. ಸ್ಥಿರವಾಗಿ ಲಿಂಕ್ ಆದ ಮಸಲ್ ಬೈನರಿಯಲ್ಲಿ ಅದು ಕೆಲಸ ಮಾಡದು. ಇಲ್ಲದ ಸೌಲಭ್ಯವನ್ನು ಇದೆ ಎಂದು ತೋರಿಸುವುದಕ್ಕಿಂತ ಬಿಡುವುದು ಮೇಲು.

ನೀವು ಇದೇ ಫೋಲ್ಡರಿನಲ್ಲಿ ಈ ಮೊದಲು ಲ್ಯಾಪ್‌ಟಾಪಿಗಾಗಿ ಲುವಾ ಕಂಪೈಲ್ ಮಾಡಿದ್ದರೆ ಮೊದಲು ‘ಮೇಕ್ ಕ್ಲೀನ್’ ಕೊಡಿ. ಮೇಕ್ ನೋಡುವುದು ಫೈಲ್‌ಗಳ ವೇಳೆಯನ್ನು ಮಾತ್ರ, ಕಂಪೈಲರ್ ಬದಲಾಗಿದೆ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಹಳೆಯ ಆಬ್ಜೆಕ್ಟ್ ಫೈಲ್ ಉಳಿದರೆ ಲಿಂಕರ್ ‘ಇಎಂ: 62’ ಎಂಬ ಸಂಖ್ಯೆ ತೋರಿಸಿ ಫೈಲಿನ ಸ್ವರೂಪ ಸರಿಯಿಲ್ಲ ಎನ್ನುತ್ತದೆ. ಲಿನಕ್ಸ್ ಬೈನರಿಗಳ ಎಲ್ಫ್ ಸ್ವರೂಪದಲ್ಲಿ 62 ಎಂದರೆ ಎಕ್ಸ್86-64, 40 ಎಂದರೆ ಆರ್ಮ್. ಈ ಎರಡು ಸಂಖ್ಯೆ ಗೊತ್ತಿದ್ದರೆ ಯಾವ ಕಡೆಯ ಫೈಲ್ ತಪ್ಪಿ ಬಂದಿದೆ ಎಂದು ಕೂಡಲೇ ತಿಳಿಯುತ್ತದೆ.

ಎಲ್ಲ ಸರಿಯಿದ್ದರೆ ‘ಎಸ್‌ಆರ್‌ಸಿ’ ಒಳಗೆ ‘ಲುವಾ’ ಮತ್ತು ‘ಲುವಾಸಿ’ ಎಂಬ ಎರಡು ಬೈನರಿ ಸಿದ್ಧವಾಗುತ್ತವೆ. ‘ಮೇಕ್ ಟೆಸ್ಟ್’ ಕೊಡಬೇಡಿ. ಅದು ಆರ್ಮ್ ಬೈನರಿಯನ್ನು ಲ್ಯಾಪ್‌ಟಾಪಿನಲ್ಲೇ ಓಡಿಸಲು ಹೋಗಿ ಸೋಲುತ್ತದೆ.

‘ಪೂರ್ವಪದ-ಸ್ಟ್ರಿಪ್’ ಬಳಸಿ ಡೀಬಗ್ ಚಿಹ್ನೆಗಳನ್ನು ತೆಗೆಯಿರಿ. ಉಳಿಯುವ ಗಾತ್ರ ಕೆಲವು ನೂರು ಕಿಲೋಬೈಟ್, ಸಿ ಲೈಬ್ರರಿಯೂ ಒಳಗೇ ಸೇರಿ.

ಹಂತ 5: ನಕಲಿಸುವ ಮುಂಚೆ ಪರೀಕ್ಷೆ

ಬೈನರಿಯೊಳಗೆ ಏನಿದೆ ಎಂದು ಬೈನರಿಯನ್ನೇ ಕೇಳಬಹುದು. ‘ರೀಡೆಲ್ಫ್ -ಎ’ ಕೊಡಿ, ಇಲ್ಲಿ ಎ ದೊಡ್ಡಕ್ಷರ. ‘ಟ್ಯಾಗ್_ಸಿಪಿಯು_ಆರ್ಚ್’ ಸಾಲಿನಲ್ಲಿ ವಿ6 ಅಥವಾ ವಿ6ರಿಂದ ಶುರುವಾಗುವ ಹೆಸರಿರಬೇಕು, ವಿ7 ಇರಬಾರದು. ‘ಟ್ಯಾಗ್_ಎಫ್‌ಪಿ_ಆರ್ಚ್’ ಸಾಲಿನಲ್ಲಿ ವಿಎಫ್‌ಪಿವಿ2 ಇರಬೇಕು. ಲಿಂಕರ್ ಎಲ್ಲ ತುಣುಕುಗಳ ಗುಣಗಳನ್ನು ಸೇರಿಸಿ ಅತ್ಯಂತ ಹೊಸದನ್ನೇ ಇಲ್ಲಿ ಬರೆಯುತ್ತದೆ. ಹಾಗಾಗಿ ಎಲ್ಲೋ ಒಂದು ಆರ್ಮ್‌ವಿ7 ತುಣುಕು ನುಸುಳಿದ್ದರೂ ಈ ಸಾಲು ಅದನ್ನು ಬಯಲು ಮಾಡುತ್ತದೆ. ಹಂತ 2ರಲ್ಲಿ ಹೇಳಿದ ಮೋಸವನ್ನು ಬೋರ್ಡಿಲ್ಲದೆಯೇ ಹಿಡಿಯುವ ಉಪಾಯ ಇದು.

‘ರೀಡೆಲ್ಫ್ -ಎಲ್’ ಕೊಟ್ಟು ‘ಇಂಟರ್ಪ್’ ಎಂಬ ವಿಭಾಗ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಸ್ಥಿರ ಬೈನರಿಗೆ ಅದು ಇರಬಾರದು. ಇದ್ದರೆ ‘-ಸ್ಟ್ಯಾಟಿಕ್’ ಎಲ್ಲೋ ತಪ್ಪಿಹೋಗಿದೆ, ಬೈನರಿ ‘/ಲಿಬ್/ಎಲ್‌ಡಿ-ಮಸಲ್-ಆರ್ಮ್‌ಎಚ್ಎಫ್.ಎಸ್‌ಓ.1’ ಎಂಬ ಲೋಡರನ್ನು (ಓಡುವ ಹೊತ್ತಿಗೆ ಲೈಬ್ರರಿಗಳನ್ನು ಜೋಡಿಸುವ ಪ್ರೋಗ್ರಾಮನ್ನು) ಹುಡುಕುತ್ತದೆ. ರಾಸ್ಪ್‌ಬೆರಿ ಪೈ ಓಎಸ್‌ನಲ್ಲಿ ಅದು ಇಲ್ಲ. ಆಗ ಬರುವ ದೋಷ ವಿಚಿತ್ರವಾದದ್ದು: ಕಣ್ಣ ಮುಂದೆ ಇರುವ ಫೈಲನ್ನು ತೋರಿಸಿ ‘ನೋ ಸಚ್ ಫೈಲ್’ ಎನ್ನುತ್ತದೆ. ಸಿಗದಿರುವುದು ನಿಮ್ಮ ಫೈಲಲ್ಲ, ಅದು ಕೇಳಿದ ಲೋಡರ್.

ಮುಂದಿನ ಪರೀಕ್ಷೆ ಕ್ಯೂಎಂಯು. ‘ಕ್ಯೂಎಂಯು-ಯೂಸರ್’ ಪ್ಯಾಕೇಜ್ ಹಾಕಿಕೊಂಡರೆ ‘ಕ್ಯೂಎಂಯು-ಆರ್ಮ್’ ಬರುತ್ತದೆ, ಇಡೀ ಯಂತ್ರವನ್ನಲ್ಲದೆ ಒಂದೇ ಪ್ರೋಗ್ರಾಮನ್ನು ಅನುಕರಿಸಿ ಓಡಿಸುತ್ತದೆ. ಸುಮ್ಮನೆ ಓಡಿಸಿದರೆ ಅದು ತನಗೆ ಗೊತ್ತಿರುವ ಎಲ್ಲ ಸೌಲಭ್ಯಗಳಿರುವ ಸಿಪಿಯುವಿನ ವೇಷ ಹಾಕುತ್ತದೆ, ಆರ್ಮ್‌ವಿ7 ಬೈನರಿಯೂ ನಗುನಗುತ್ತ ಓಡುತ್ತದೆ, ಪರೀಕ್ಷೆ ವ್ಯರ್ಥ. ‘-ಸಿಪಿಯು ಆರ್ಮ್1176’ ಎಂಬ ಆಯ್ಕೆಯನ್ನು ಕಡ್ಡಾಯವಾಗಿ ಕೊಡಿ. ಆಗ ಪೈ ಜೀರೋದಲ್ಲಿ ಸಾಯುವ ಬೈನರಿ ಇಲ್ಲಿಯೂ ಸಾಯುತ್ತದೆ.

ಲುವಾದ ಒಳಗೆ ಹೋಗಿ ನಾಲ್ಕು ಸಂಗತಿ ಕೇಳಿ. ‘ಮ್ಯಾತ್.ಮ್ಯಾಕ್ಸ್‌ಇಂಟೀಜರ್’ ಮುದ್ರಿಸಿದರೆ 9223372036854775807 ಬರಬೇಕು. ಪ್ರೊಸೆಸರ್ 32 ಬಿಟ್ ಆದರೂ ಲುವಾದ ಪೂರ್ಣಾಂಕ 64 ಬಿಟ್ ಎಂಬುದಕ್ಕೆ ಇದು ಸಾಕ್ಷಿ. ಎರಡು ದಶಮಾಂಶ ಸಂಖ್ಯೆಗಳನ್ನು ಭಾಗಿಸಿ ನೋಡಿ, ಹಾರ್ಡ್ ಫ್ಲೋಟ್ ಒಪ್ಪಂದದಲ್ಲಿ ಹೊಂದಾಣಿಕೆ ತಪ್ಪಿದ್ದರೆ ಅಸಂಬದ್ಧ ಉತ್ತರ ಬರುವುದು ಇಲ್ಲಿಯೇ. ಮೂರನೆಯದಾಗಿ ‘ಕನ್ನಡ’ ಎಂಬ ಪದವನ್ನೇ ಕೊಡಿ. ಉದ್ದ ಕೇಳುವ ಹ್ಯಾಶ್ ಚಿಹ್ನೆ 15 ಎನ್ನಬೇಕು, ‘ಯುಟಿಎಫ್8.ಲೆನ್’ 5 ಎನ್ನಬೇಕು. ಕ, ನ, ಹಲಂತ, ನ, ಡ ಹೀಗೆ ಐದು ಸಂಕೇತ, ಒಂದೊಂದಕ್ಕೆ ಮೂರು ಬೈಟ್. ಕೊನೆಯದಾಗಿ ‘ಐಓ.ಪಿಓಪನ್’ ಮೂಲಕ ‘ಯುನೇಮ್ -ಎಂ’ ಓಡಿಸಿ ಉತ್ತರ ಓದಿ. ಲ್ಯಾಪ್‌ಟಾಪಿನಲ್ಲಿ ಎಕ್ಸ್86_64 ಎಂದು ಬಂದರೆ ಗಾಬರಿ ಬೇಡ. ಆರ್ಮ್ ಲುವಾ ಕರೆದದ್ದು ಲ್ಯಾಪ್‌ಟಾಪಿನದೇ ಶೆಲ್ಲನ್ನು, ಅದು ತನ್ನ ಬಗ್ಗೆ ನಿಜವನ್ನೇ ಹೇಳಿತು. ಬೋರ್ಡಿನ ಮೇಲೆ ಅದೇ ಸಾಲು ಆರ್ಮ್‌ವಿ6ಎಲ್ ಎನ್ನುತ್ತದೆ.

ಹಂತ 6: ಬೋರ್ಡಿಗೆ ಸಾಗಣೆ

‘ಎಸ್‌ಸಿಪಿ’ ಬಳಸಿ ‘ಲುವಾ’ ಬೈನರಿಯನ್ನು ಬೋರ್ಡಿಗೆ ಕಳಿಸಿ, ‘/ಯುಎಸ್‌ಆರ್/ಲೋಕಲ್/ಬಿನ್’ ಒಳಗೆ ಇರಿಸಿ. ಅಷ್ಟೇ. ರೂಟರ್‌ಗಳಿಗೆ ಕಳಿಸುವವರು ಒಂದು ವಿಷಯ ತಿಳಿದಿರಬೇಕು: 2022ರ ಓಪನ್‌ಎಸ್‌ಎಸ್‌ಎಚ್ 9.0ರಿಂದ ಎಸ್‌ಸಿಪಿ ಒಳಗೊಳಗೆ ಎಸ್‌ಎಫ್‌ಟಿಪಿ ಬಳಸುತ್ತದೆ. ಡ್ರಾಪ್‌ಬೇರ್ ಎಂಬ ಹಗುರ ಎಸ್‌ಎಸ್‌ಎಚ್ ಓಡುತ್ತಿರುವ ಪುಟ್ಟ ಸಾಧನಗಳಲ್ಲಿ ಎಸ್‌ಎಫ್‌ಟಿಪಿ ಸರ್ವರ್ ಸಾಮಾನ್ಯವಾಗಿ ಇರುವುದಿಲ್ಲ. ‘-ಓ’ ಎಂಬ ದೊಡ್ಡಕ್ಷರದ ಆಯ್ಕೆ ಹಳೆಯ ವಿಧಾನಕ್ಕೆ ಮರಳಿಸುತ್ತದೆ.

ಲುವಾ ಮಾಡ್ಯೂಲ್‌ಗಳನ್ನು ಎಲ್ಲಿ ಹುಡುಕುತ್ತದೆ ಎಂಬುದು ಬೈನರಿಯೊಳಗೇ ಬರೆದುಹೋಗಿರುತ್ತದೆ. ಪೂರ್ವನಿಯೋಜಿತ ಜಾಗ ‘/ಯುಎಸ್‌ಆರ್/ಲೋಕಲ್/ಶೇರ್/ಲುವಾ/5.4’. ಬೇರೆ ಕಡೆ ಇಡಬೇಕೆಂದರೆ ಕಂಪೈಲ್ ಮಾಡುವ ಮುನ್ನ ‘ಲುವಾಕಾನ್ಫ್.ಎಚ್’ ಒಳಗಿನ ‘ಲುವಾ_ರೂಟ್’ ಬದಲಿಸಿ. ‘ಮೇಕ್ ಇನ್‌ಸ್ಟಾಲ್’ಗೆ ಕೊಡುವ ‘ಇನ್‌ಸ್ಟಾಲ್_ಟಾಪ್’ ಎಂಬ ಚರ ಫೈಲ್‌ಗಳನ್ನು ಎಲ್ಲಿ ನಕಲಿಸಬೇಕು ಎಂದಷ್ಟೇ ಹೇಳುತ್ತದೆ, ಬೈನರಿಯೊಳಗಿನ ದಾರಿಯನ್ನು ಬದಲಿಸುವುದಿಲ್ಲ.

ಸ್ಕ್ರಿಪ್ಟ್‌ಗಳನ್ನು ಲ್ಯಾಪ್‌ಟಾಪಿನ ಲುವಾಸಿಯಿಂದ ಬೈಟ್‌ಕೋಡ್ (ಲುವಾ ನೇರವಾಗಿ ಓಡಿಸಬಲ್ಲ, ಮೊದಲೇ ಕಂಪೈಲ್ ಆದ ರೂಪ) ಮಾಡಿ ಕಳಿಸಬಹುದೇ? ಎರಡೂ ಕಡೆ 5.4 ಇದ್ದು, ಎರಡೂ ಲಿಟಲ್ ಎಂಡಿಯನ್ ಆಗಿದ್ದು, ಸಂಖ್ಯೆಗಳ ಗಾತ್ರ ಒಂದೇ ಇದ್ದರೆ ಸಾಗುತ್ತದೆ. 5.3ರಲ್ಲಿ ವಿಳಾಸದ ಗಾತ್ರವನ್ನೂ ಪರೀಕ್ಷಿಸುತ್ತಿದ್ದುದರಿಂದ 64 ಬಿಟ್ ಯಂತ್ರದ ಬೈಟ್‌ಕೋಡ್ 32 ಬಿಟ್ ಬೋರ್ಡಿನಲ್ಲಿ ತಿರಸ್ಕೃತವಾಗುತ್ತಿತ್ತು. ಬಿಗ್ ಎಂಡಿಯನ್ ಮಿಪ್ಸ್ ರೂಟರಿಗೆ ಕಳಿಸಿದರೆ 5.4 ಕೂಡ ‘ಇಂಟೀಜರ್ ಫಾರ್ಮ್ಯಾಟ್ ಮಿಸ್‌ಮ್ಯಾಚ್’ ಎಂದು ನಿರಾಕರಿಸುತ್ತದೆ. ಸ್ಕ್ರಿಪ್ಟನ್ನು ಮೂಲ ರೂಪದಲ್ಲಿಯೇ ಕಳಿಸುವುದು ನನಗೆ ಇಷ್ಟ. ಲುವಾ ಅದನ್ನು ಓದುವ ವೇಗಕ್ಕೆ ಬೈಟ್‌ಕೋಡಿನ ಲಾಭ ಬಹಳ ಚಿಕ್ಕದು.

ಸಿ ಮಾಡ್ಯೂಲ್‌ಗಳು ಬೇಕಾದಾಗ

ಸ್ಥಿರ ಬೈನರಿಯ ಬೆಲೆ ಇಲ್ಲಿ ಗೊತ್ತಾಗುತ್ತದೆ. ಸೀರಿಯಲ್ ಪೋರ್ಟಿಗೋ ಜೆಸಾನ್‌ಗೋ ಒಂದು ಸಿ ಮಾಡ್ಯೂಲ್ ಬೇಕು, ಅದನ್ನು ಓಡುವಾಗ ಒಳಗೆ ಎಳೆದುಕೊಳ್ಳುವಂತಿಲ್ಲ. ಮಾಡ್ಯೂಲ್ ಒಂದೆರಡಾದರೆ ಅವನ್ನೂ ಇಂಟರ್‌ಪ್ರಿಟರಿನ ಒಳಗೇ ಸೇರಿಸಿಬಿಡಿ. ‘ಲಿನಿಟ್.ಸಿ’ ಎಂಬ ಫೈಲಿನಲ್ಲಿ ‘ಲೋಡೆಡ್‌ಲಿಬ್ಸ್’ ಎಂಬ ಪಟ್ಟಿಯಿದೆ. ಮಾಡ್ಯೂಲಿನ ಹೆಸರು ಮತ್ತು ಅದನ್ನು ತೆರೆಯುವ ಫಂಕ್ಷನ್ನನ್ನು ಅಲ್ಲಿ ಒಂದು ಸಾಲಾಗಿ ಸೇರಿಸಿ, ಫಂಕ್ಷನ್ನಿನ ಘೋಷಣೆಯನ್ನು ಮೇಲೆ ಬರೆದು, ಮಾಡ್ಯೂಲಿನ ಆಬ್ಜೆಕ್ಟ್ ಫೈಲನ್ನು ‘ಮೈಓಬಿಜೆಎಸ್’ ಚರದ ಮೂಲಕ ಕೊಟ್ಟರೆ ಮುಗಿಯಿತು. ಬೋರ್ಡಿಗೆ ಹೋಗುವುದು ಈಗಲೂ ಒಂದೇ ಫೈಲ್. ಸಾಧನ ಒಂದೇ ಕೆಲಸಕ್ಕೆ ಮೀಸಲಾಗಿದ್ದರೆ ಇದೇ ಚೆಂದ.

ಮಾಡ್ಯೂಲ್‌ಗಳು ಬಹಳ ಇದ್ದರೆ, ಬೋರ್ಡಿನಲ್ಲಿರುವ ಲೈಬ್ರರಿಗಳನ್ನೇ ಬಳಸಬೇಕಿದ್ದರೆ, ಬೋರ್ಡಿನ ಜಿಲಿಬ್‌ಸಿಯ ಎದುರೇ ಲಿಂಕ್ ಮಾಡಬೇಕು. ಇದಕ್ಕೆ ನನ್ನ ಆಯ್ಕೆ ಕ್ಲ್ಯಾಂಗ್ ಎಂಬ ಕಂಪೈಲರ್, ಏಕೆಂದರೆ ಅದು ಹುಟ್ಟಿನಿಂದಲೇ ಕ್ರಾಸ್ ಕಂಪೈಲರ್, ಪ್ರತಿ ಬೋರ್ಡಿಗೂ ಬೇರೆ ಬೇರೆ ಕಟ್ಟಬೇಕಿಲ್ಲ. ಬೋರ್ಡಿನಲ್ಲಿ ಜಿಸಿಸಿ ಮತ್ತು ಸಿ ಲೈಬ್ರರಿಯ ಅಭಿವೃದ್ಧಿ ಪ್ಯಾಕೇಜ್ ಇವೆಯೆಂದು ನೋಡಿಕೊಂಡು, ಅದರ ‘/ಯುಎಸ್‌ಆರ್/ಇನ್‌ಕ್ಲೂಡ್’ ಮತ್ತು ‘/ಯುಎಸ್‌ಆರ್/ಲಿಬ್’ ಎರಡನ್ನೂ ಆರ್‌ಸಿಂಕ್ ಮೂಲಕ ಲ್ಯಾಪ್‌ಟಾಪಿನ ಒಂದು ಫೋಲ್ಡರಿಗೆ ತನ್ನಿ. ಇದೇ ಸಿಸ್‌ರೂಟ್. ಹೊಸ ಡೆಬಿಯನ್‌ಗಳಲ್ಲಿ ‘/ಲಿಬ್’ ಎಂಬುದು ‘/ಯುಎಸ್‌ಆರ್/ಲಿಬ್’ಗೆ ಬರಿಯ ಕೊಂಡಿ, ಅದನ್ನು ಸಿಸ್‌ರೂಟ್ ಒಳಗೆ ಕೈಯಾರೆ ಹಾಕಿ. ಒಳಗಿರುವ ಕೆಲವು ಕೊಂಡಿಗಳು ಮೂಲ ಓರೆಗೆರೆಯಿಂದ ಶುರುವಾಗಿ ನಿಮ್ಮ ಲ್ಯಾಪ್‌ಟಾಪಿನ ಫೈಲ್‌ಗಳನ್ನೇ ತೋರಿಸುತ್ತಿರುತ್ತವೆ. ಅವನ್ನು ಹುಡುಕಿ ಸಾಪೇಕ್ಷ ಕೊಂಡಿಗಳಾಗಿ ಬದಲಿಸದಿದ್ದರೆ ಲೈಬ್ರರಿ ಸಿಗಲಿಲ್ಲ ಎಂಬ ದೋಷ ಬರುತ್ತದೆ, ಇನ್ನೂ ಕೆಟ್ಟ ದಿನವಾದರೆ ತಪ್ಪು ಲೈಬ್ರರಿ ಸಿಗುತ್ತದೆ.

ಆಮೇಲೆ ಸಿಸಿ ಚರದಲ್ಲಿ ಕ್ಲ್ಯಾಂಗ್‌ಗೆ ‘--ಟಾರ್ಗೆಟ್=ಆರ್ಮ್‌ವಿ6-ಲಿನಕ್ಸ್-ಗ್ನುಇಎಬಿಐಎಚ್ಎಫ್’, ‘--ಸಿಸ್‌ರೂಟ್’ ಮತ್ತು ‘-ಫ್ಯೂಸ್-ಎಲ್‌ಡಿ=ಎಲ್‌ಎಲ್‌ಡಿ’ ಕೊಟ್ಟು, ಈ ಬಾರಿ ‘ಮೇಕ್ ಲಿನಕ್ಸ್’ ಓಡಿಸಿ, ‘-ಸ್ಟ್ಯಾಟಿಕ್’ ಬೇಡ. ಆರಂಭದ ತುಣುಕುಗಳನ್ನೂ ಲಿಬ್‌ಜಿಸಿಸಿಯನ್ನೂ ಕ್ಲ್ಯಾಂಗ್ ಬೋರ್ಡಿನಿಂದ ಬಂದ ಸಿಸ್‌ರೂಟಿನಿಂದಲೇ ತೆಗೆದುಕೊಳ್ಳುವುದರಿಂದ ಅವು ಆರ್ಮ್‌ವಿ6 ಆಗಿಯೇ ಇರುತ್ತವೆ. ಮತ್ತೆ ಹಂತ 5ರ ಪರೀಕ್ಷೆಗಳು. ಈಗ ಇಂಟರ್ಪ್ ವಿಭಾಗ ಇರಬೇಕು ಮತ್ತು ಅದರಲ್ಲಿ ‘/ಲಿಬ್/ಎಲ್‌ಡಿ-ಲಿನಕ್ಸ್-ಆರ್ಮ್‌ಎಚ್ಎಫ್.ಎಸ್‌ಓ.3’ ಎಂದಿರಬೇಕು. ಕ್ಯೂಎಂಯುಗೆ ದೊಡ್ಡಕ್ಷರದ ‘-ಎಲ್’ ಕೊಟ್ಟು ಸಿಸ್‌ರೂಟ್ ತೋರಿಸಬೇಕು.

ಲುವಾ ಆಚೆಗೆ

ಲುವಾ ಸುಲಭವಾದದ್ದಕ್ಕೆ ಒಂದು ಕಾರಣವಿದೆ: ಕಂಪೈಲ್ ನಡೆಯುವಾಗ ತಾನೇ ತಯಾರಿಸಿದ ಯಾವ ಪ್ರೋಗ್ರಾಮನ್ನೂ ಅದು ಓಡಿಸಿಕೊಳ್ಳುವುದಿಲ್ಲ. ಬೇರೆ ಇಂಟರ್‌ಪ್ರಿಟರ್‌ಗಳು ಹಾಗಲ್ಲ, ತೊಂದರೆಯೆಲ್ಲ ಹುಟ್ಟುವುದು ಅಲ್ಲಿಯೇ.

ಲುವಾದ ವೇಗದ ರೂಪವಾದ ಲುವಾಜಿಟ್ ಮೊದಲು ‘ಮಿನಿಲುವಾ’, ‘ಬಿಲ್ಡ್‌ವಿಎಂ’ ಎಂಬ ಸಹಾಯಕರನ್ನು ಕಟ್ಟಿ ಅವುಗಳಿಂದ ತನ್ನ ಯಂತ್ರಕೋಡನ್ನು ಹೊರಡಿಸುತ್ತದೆ. ಇವು ಓಡಬೇಕಾದದ್ದು ಲ್ಯಾಪ್‌ಟಾಪಿನಲ್ಲಿ, ಆದರೆ ವಿಳಾಸದ ಗಾತ್ರ ಬೋರ್ಡಿನಷ್ಟೇ ಇರಬೇಕು. ಆದ್ದರಿಂದ 32 ಬಿಟ್ ಆರ್ಮ್‌ಗೆ ಕಟ್ಟುವಾಗ ‘ಹೋಸ್ಟ್_ಸಿಸಿ="ಜಿಸಿಸಿ -ಎಂ32"’ ಎಂದು ಕೊಡಬೇಕು, ಅದಕ್ಕೆ ಲ್ಯಾಪ್‌ಟಾಪಿನಲ್ಲಿ ‘ಜಿಸಿಸಿ-ಮಲ್ಟಿಲಿಬ್’ ಬೇಕು. ಬೋರ್ಡಿನ ಟೂಲ್‌ಚೈನಿನ ಪೂರ್ವಪದ ‘ಕ್ರಾಸ್’ ಚರಕ್ಕೆ, ಕೊನೆಯ ಅಡ್ಡಗೆರೆಯೂ ಸೇರಿ.

ಪೈಥಾನ್‌ನ ಮುಖ್ಯ ಇಂಟರ್‌ಪ್ರಿಟರ್ ಆದ ಸಿಪೈಥಾನ್ ಕಟ್ಟಲು ಲ್ಯಾಪ್‌ಟಾಪಿನಲ್ಲಿ ಅದೇ ಆವೃತ್ತಿಯ ಪೈಥಾನ್ ಮೊದಲೇ ಇರಬೇಕು. 3.11ರಿಂದ ಅದನ್ನು ‘--ವಿತ್-ಬಿಲ್ಡ್-ಪೈಥಾನ್’ ಮೂಲಕ ತೋರಿಸುತ್ತಾರೆ. ಕಾನ್ಫಿಗರ್ ಸ್ಕ್ರಿಪ್ಟಿಗೆ ‘--ಬಿಲ್ಡ್’ ಮತ್ತು ‘--ಹೋಸ್ಟ್’ ಎರಡನ್ನೂ ಹೇಳಬೇಕು. ಇಲ್ಲಿ ಹೋಸ್ಟ್ ಎಂದರೆ ಬೈನರಿ ಓಡುವ ಯಂತ್ರ, ಅಂದರೆ ಬೋರ್ಡ್. ಲುವಾಜಿಟ್‌ನ ಹೋಸ್ಟ್_ಸಿಸಿಯಲ್ಲಿ ಹೋಸ್ಟ್ ಎಂದರೆ ಲ್ಯಾಪ್‌ಟಾಪ್. ಎರಡನ್ನೂ ಒಂದೇ ವಾರದಲ್ಲಿ ಕಟ್ಟುವವರು ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಲಿ. ಕಾನ್ಫಿಗರ್ ತಾನು ಓಡಿಸಿ ನೋಡಲಾಗದ ಕೆಲವು ಪ್ರಶ್ನೆಗಳಿಗೆ ನೀವೇ ಉತ್ತರ ಕೊಡಬೇಕು. ‘/ಡೆವ್/ಪಿಟಿಎಂಎಕ್ಸ್’ ಇದೆಯೇ ಎಂಬುದಕ್ಕೆ ಹೌದು, ‘/ಡೆವ್/ಪಿಟಿಸಿ’ ಇದೆಯೇ ಎಂಬುದಕ್ಕೆ ಇಲ್ಲ. ಈ ಉತ್ತರಗಳನ್ನು ‘ಕಾನ್ಫಿಗ್.ಸೈಟ್’ ಎಂಬ ಫೈಲಿನಲ್ಲಿ ಬರೆದು ಅದರ ದಾರಿಯನ್ನು ‘ಕಾನ್ಫಿಗ್_ಸೈಟ್’ ಪರಿಸರ ಚರದಲ್ಲಿ ಕೊಡುತ್ತಾರೆ. ಝಡ್‌ಲಿಬ್, ಓಪನ್‌ಎಸ್‌ಎಸ್‌ಎಲ್, ಲಿಬ್‌ಎಫ್‌ಎಫ್‌ಐ ಇವನ್ನು ಮೊದಲು ಬೋರ್ಡಿಗಾಗಿ ಕಟ್ಟಿ ಸಿಸ್‌ರೂಟಿಗೆ ಸೇರಿಸಿರಬೇಕು, ಇಲ್ಲವಾದರೆ ಆ ಮಾಡ್ಯೂಲ್‌ಗಳು ಮೌನವಾಗಿ ಬಿಟ್ಟುಹೋಗುತ್ತವೆ. ಕಟ್ಟುವಿಕೆಯ ಕೊನೆಯಲ್ಲಿ ಮೇಕ್ ತೋರಿಸುವ ‘ಸಿಗದ ಮಾಡ್ಯೂಲ್‌ಗಳ’ ಪಟ್ಟಿಯನ್ನು ಓದದೆ ಮುಂದೆ ಹೋಗಬೇಡಿ.

ದಶಮಾಂಶ ಯಂತ್ರಾಂಶವೇ ಇಲ್ಲದ ಮಿಪ್ಸ್ ರೂಟರಿಗೆ ಲುವಾ ಒಯ್ಯುವವರಿಗೆ ಇನ್ನೊಂದು ಆಯ್ಕೆಯಿದೆ. ಮಸಲ್-ಕ್ರಾಸ್-ಮೇಕ್‌ನಲ್ಲಿ ಗುರಿಯನ್ನು ‘ಮಿಪ್ಸೆಲ್-ಲಿನಕ್ಸ್-ಮಸಲ್‌ಎಸ್‌ಎಫ್’ ಎಂದು ಬದಲಿಸಿ, ‘ಜಿಸಿಸಿ_ಕಾನ್ಫಿಗ್’ ಸಾಲನ್ನು ಅಳಿಸಿ, ‘ಲುವಾಕಾನ್ಫ್.ಎಚ್’ನಲ್ಲಿ ‘ಲುವಾ_32ಬಿಟ್ಸ್’ ಅನ್ನು 0ಯಿಂದ 1ಕ್ಕೆ ತಿರುಗಿಸಿದರೆ ಪೂರ್ಣಾಂಕವೂ ದಶಮಾಂಶವೂ 32 ಬಿಟ್‌ಗೆ ಇಳಿಯುತ್ತವೆ, ಲೆಕ್ಕ ಹಗುರಾಗುತ್ತದೆ. ಬದಲಿಗೆ 2147483647ಕ್ಕಿಂತ ದೊಡ್ಡ ಪೂರ್ಣಾಂಕ ಸಿಗುವುದಿಲ್ಲ. ಮಿಲಿಸೆಕೆಂಡುಗಳಲ್ಲಿ ಸಮಯ ಎಣಿಸುವ ಸ್ಕ್ರಿಪ್ಟ್ ಇದ್ದರೆ ಇಪ್ಪತ್ತೈದನೆಯ ದಿನದೊಳಗೆ ಎಣಿಕೆ ಋಣಸಂಖ್ಯೆಗೆ ಮಗುಚುತ್ತದೆ, ಅದನ್ನು ಮೊದಲೇ ತಿದ್ದಿಕೊಳ್ಳಿ.